ಇಪ್ಪತ್ತು–ಮೂವತ್ತರ ಸೈಟಿನಷ್ಟು ಅಂಗಳ, ಇಪ್ಪತ್ತೈದು ವರ್ಷಗಳ ದುಡಿಮೆ: ವೃತ್ತಿಪರ ಸ್ಕ್ವಾಷ್ ಆಟಗಾರರ ಬದುಕು ಹೇಗಿರುತ್ತದೆ?

2025ರ ಡಿಸೆಂಬರ್ 14, ಭಾನುವಾರ. ಚೆನ್ನೈನ ಎಕ್ಸ್‌ಪ್ರೆಸ್ ಅವೆನ್ಯೂ ಮಾಲ್‌ನೊಳಗೆ ಎಬ್ಬಿಸಿದ್ದ ಗಾಜಿನ ಕೋರ್ಟ್‌ನಲ್ಲಿ ಭಾರತ ಹಾಂಗ್‌ಕಾಂಗ್ ತಂಡವನ್ನು 3–0ಯಿಂದ ಸೋಲಿಸಿ ಸ್ಕ್ವಾಷ್ ವಿಶ್ವಕಪ್ ಗೆದ್ದಿತು. ಏಷ್ಯಾದ ಯಾವ ದೇಶವೂ ಅದುವರೆಗೆ ಆ ಕಪ್ ಗೆದ್ದಿರಲಿಲ್ಲ. ಫೈನಲ್‌ನ ಮೊದಲ ಪಂದ್ಯ ಗೆದ್ದುಕೊಟ್ಟವರು 39 ವರ್ಷದ ಜೋಷ್ನಾ ಚಿನ್ನಪ್ಪ, ಎರಡನೆಯದನ್ನು ಅಭಯ್ ಸಿಂಗ್, ಕೊನೆಯದನ್ನು 17ರ ಹರೆಯದ ಅನಾಹತ್ ಸಿಂಗ್. ತಾಯಿ–ಮಗಳ ನಡುವೆ ಇರಬಹುದಾದಷ್ಟು ವಯಸ್ಸಿನ ಅಂತರ ಇರುವ ಇಬ್ಬರು ಒಂದೇ ತಂಡದಲ್ಲಿ ಆಡಿ ಗೆದ್ದ ದಿನ ಅದು.

ಆ ಸುದ್ದಿ ಓದಿದ ಅನೇಕರಿಗೆ ಸ್ಕ್ವಾಷ್ ಎಂದರೆ ಗೋಡೆಗೆ ಚೆಂಡು ಹೊಡೆಯುವ ಆಟ ಎನ್ನುವಷ್ಟು ಮಾತ್ರ ಗೊತ್ತು. ಆದರೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಬಾರಿಗೆ ಸೇರಲಿದೆ. ಮುಂದಿನ ದಿನಗಳಲ್ಲಿ ಈ ಹೆಸರುಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಮಕ್ಕಳನ್ನು ಕ್ರೀಡೆಗೆ ಕಳುಹಿಸುವ ತಂದೆ ತಾಯಿ ಕೇಳುವ ಪ್ರಶ್ನೆಯೂ ಸಹಜವೇ: ಇದನ್ನೇ ನಂಬಿ ಬದುಕು ಕಟ್ಟಿಕೊಳ್ಳಲು ಸಾಧ್ಯವೇ? ಉತ್ತರ ಕೊಡುವ ಮೊದಲು ಆಟ ಹೇಗಿದೆ, ಅದರಲ್ಲಿ ‘ವೃತ್ತಿಪರ’ ಎಂದರೆ ಏನರ್ಥ, ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನು ಬುಡದಿಂದ ನೋಡಬೇಕು.

ಮೊದಲು ಆಟ

ಬೆಂಗಳೂರಿನಲ್ಲಿ ಇಪ್ಪತ್ತು–ಮೂವತ್ತರ ಸೈಟು ಎಂದರೆ ಎಲ್ಲರಿಗೂ ಅಳತೆ ಕಣ್ಣ ಮುಂದೆ ಬರುತ್ತದೆ. ಸ್ಕ್ವಾಷ್ ಕೋರ್ಟ್ ಹೆಚ್ಚೂಕಡಿಮೆ ಅಷ್ಟೇ: 9.75 ಮೀಟರ್ ಉದ್ದ, 6.4 ಮೀಟರ್ ಅಗಲ, ಅಂದರೆ ಸುಮಾರು 32 ಅಡಿಗೆ 21 ಅಡಿ. ನಾಲ್ಕೂ ಕಡೆ ಗೋಡೆ. ಆ ಸೈಟಿನೊಳಗೆ ಇಬ್ಬರು ಆಟಗಾರರು, ಒಂದು ಚೆಂಡು. ಟೆನಿಸ್, ಬ್ಯಾಡ್ಮಿಂಟನ್‌ಗಳಲ್ಲಿ ನಡುವೆ ಬಲೆ ಇರುತ್ತದೆ. ಎದುರಾಳಿ ಆಚೆ, ನಾವು ಈಚೆ. ಇಲ್ಲಿ ಎದುರಾಳಿ ಪಕ್ಕದಲ್ಲೇ ಇರುತ್ತಾನೆ. ಅವನ ಉಸಿರು ಕೇಳಿಸುವಷ್ಟು ಹತ್ತಿರ.

ಚೆಂಡನ್ನು ಮುಂದಿನ ಗೋಡೆಗೆ ಹೊಡೆಯಬೇಕು. ಅದು ನೆಲಕ್ಕೆ ಎರಡನೇ ಬಾರಿ ಬೀಳುವ ಮೊದಲು ಎದುರಾಳಿ ಅದನ್ನು ಮತ್ತೆ ಮುಂದಿನ ಗೋಡೆಗೆ ಮುಟ್ಟಿಸಬೇಕು. ಪಕ್ಕದ ಗೋಡೆ, ಹಿಂದಿನ ಗೋಡೆಗಳನ್ನು ಬಳಸಿಕೊಳ್ಳಬಹುದು. ಮುಂದಿನ ಗೋಡೆಯ ಬುಡದಲ್ಲಿ ತಗಡಿನ ಪಟ್ಟಿಯಿದೆ. ಅದನ್ನು ‘ಟಿನ್’ ಎನ್ನುತ್ತಾರೆ. ವೃತ್ತಿಪರ ಪಂದ್ಯಗಳಲ್ಲಿ ಅದರ ಎತ್ತರ 43 ಸೆಂಟಿಮೀಟರ್. ಚೆಂಡು ಅದಕ್ಕೆ ಬಡಿದರೆ ‘ಠಣ್’ ಎಂಬ ಸದ್ದು ಬರುತ್ತದೆ, ಅಂಕ ಹೋಗುತ್ತದೆ. ಮೊದಲು 11 ಅಂಕ ಗಳಿಸಿದವರಿಗೆ ಒಂದು ಗೇಮ್. 10–10 ಆದರೆ ಎರಡು ಅಂಕಗಳ ಅಂತರ ಬೇಕು. ಐದರಲ್ಲಿ ಮೂರು ಗೇಮ್ ಗೆದ್ದವರಿಗೆ ಪಂದ್ಯ.

ಚೆಂಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಆಟದ ಗುಟ್ಟು ಅದರಲ್ಲೇ ಇದೆ. ಸಣ್ಣ ನಿಂಬೆಹಣ್ಣಿನ ಗಾತ್ರದ, ಒಳಗೆ ಟೊಳ್ಳಾದ ಕಪ್ಪು ರಬ್ಬರ್ ಚೆಂಡು. ತೂಕ ಸುಮಾರು 24 ಗ್ರಾಂ. ದೊಡ್ಡ ಪಂದ್ಯಗಳಲ್ಲಿ ಬಳಸುವ ಚೆಂಡಿನ ಮೇಲೆ ಎರಡು ಹಳದಿ ಚುಕ್ಕೆ ಇರುತ್ತವೆ. ಅದನ್ನು ತಣ್ಣಗಿರುವಾಗ ಕೈಯಿಂದ ಬಿಟ್ಟರೆ ಪುಟಿಯುವುದೇ ಇಲ್ಲ, ಹಸಿ ಹಿಟ್ಟಿನ ಉಂಡೆಯಂತೆ ನೆಲದಲ್ಲೇ ಕೂರುತ್ತದೆ. ಆಟಗಾರರು ಪಂದ್ಯಕ್ಕೆ ಮೊದಲು ಕೆಲವು ನಿಮಿಷ ಅದನ್ನು ಗೋಡೆಗೆ ಬಡಿದು ಬಡಿದು ಬಿಸಿ ಮಾಡುತ್ತಾರೆ. ಒಳಗಿನ ಗಾಳಿ ಕಾದು ರಬ್ಬರ್ ಮೆತ್ತಗಾದ ಮೇಲೆ ಅದಕ್ಕೆ ಜೀವ ಬರುತ್ತದೆ. ಆದರೂ ಅದು ಪುಟಿಯುವುದು ಕಡಿಮೆಯೇ. ಹಾಗಾಗಿ ಮೂಲೆಗೆ ಹೋದ ಚೆಂಡು ಅಲ್ಲೇ ಸಾಯುತ್ತದೆ. ಅದು ಸಾಯುವ ಮೊದಲು ಆಟಗಾರ ಅಲ್ಲಿಗೆ ಓಡಬೇಕು.

ಹೀಗಾಗಿ ಎದುರಾಳಿಯನ್ನು ನಾಲ್ಕು ಮೂಲೆಗೂ ಓಡಿಸಿ ನಡುವಿನ ಜಾಗವನ್ನು ತನ್ನದಾಗಿಸಿಕೊಳ್ಳುವುದೇ ಸ್ಕ್ವಾಷ್‌ನ ತಂತ್ರ. ಕೋರ್ಟ್‌ನ ನಡುವೆ ಎರಡು ಗೆರೆಗಳು ಕೂಡುವ ಜಾಗ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಕಾಣುತ್ತದೆ, ಅದಕ್ಕೆ ಹೆಸರೂ ಅದೇ. ನಮ್ಮ ಚೌಕಾಬಾರದಲ್ಲಿ ನಡುಮನೆ ಸೇರಲು ಎಲ್ಲರೂ ಹವಣಿಸುವಂತೆ ಇಲ್ಲಿ ‘ಟಿ’ಗೆ ಮರಳಲು ಇಬ್ಬರೂ ಹವಣಿಸುತ್ತಾರೆ. ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು, ‘ಟಿ’ ಮೇಲೆ ಯಾರು ಹೆಚ್ಚು ಹೊತ್ತು ನಿಂತಿದ್ದಾರೆ ಎಂದು ಗಮನಿಸಿ. ಬಹುಪಾಲು ಗೆಲ್ಲುವವರು ಅವರೇ.

‘ವೃತ್ತಿಪರ’ ಎಂಬ ಮಾತು ಬಂದ ಬಗೆ

ಸ್ಕ್ವಾಷ್ ಹುಟ್ಟಿದ್ದು 19ನೇ ಶತಮಾನದ ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ. ನಮ್ಮ ಉಪಖಂಡಕ್ಕೆ ಅದು ಬ್ರಿಟಿಷ್ ಸೇನೆಯ ಜೊತೆ ಬಂತು. ದಂಡು ಪ್ರದೇಶಗಳ ಅಧಿಕಾರಿಗಳ ಕ್ಲಬ್‌ಗಳಲ್ಲಿ ಕೋರ್ಟ್‌ಗಳು ಎದ್ದವು. ಆಗ ‘ವೃತ್ತಿಪರ’ ಎನ್ನುವುದು ಗೌರವದ ಪದವಾಗಿರಲಿಲ್ಲ. ಆಡುವ ಅಧಿಕಾರಿ ‘ಹವ್ಯಾಸಿ’, ಅವನಿಗೆ ಆಟ ಕಲಿಸಿ ಕೂಲಿ ಪಡೆಯುವ ಕ್ಲಬ್‌ನ ನೌಕರ ‘ವೃತ್ತಿಪರ’.

ಪೆಶಾವರದ ಬಳಿಯ ನವಾಕಿಲ್ಲೆ ಊರಿನ ಹಾಶಿಮ್ ಖಾನ್ ಅಂಥ ನೌಕರರಲ್ಲಿ ಒಬ್ಬರು. ಬಾಲ್ಯದಲ್ಲಿ ಅಧಿಕಾರಿಗಳ ಕ್ಲಬ್‌ನಲ್ಲಿ ಚೆಂಡು ಹೆಕ್ಕಿಕೊಡುವ ಕೆಲಸ. ಸೂರಿಲ್ಲದ ಕೋರ್ಟ್‌ನಿಂದ ಆಚೆ ಹಾರಿದ ಚೆಂಡುಗಳನ್ನು ತಂದುಕೊಡುವುದು, ಸಾಹೇಬರು ಬಿಸಿಲಿಗೆ ಒಳಗೆ ಹೋದಾಗ ಬರಿಗಾಲಲ್ಲಿ ತಾನೇ ಆಡುವುದು. ಮುಂದೆ ವಾಯುಪಡೆಯ ಮೆಸ್‌ನಲ್ಲಿ ತರಬೇತುದಾರರಾದರು. 1951ರಲ್ಲಿ, ಮೂವತ್ತೈದು ದಾಟಿದ ವಯಸ್ಸಿನಲ್ಲಿ ಲಂಡನ್‌ಗೆ ಹೋಗಿ, ಆ ಕಾಲದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನಂತೆಯೇ ಇದ್ದ ಬ್ರಿಟಿಷ್ ಓಪನ್ ಗೆದ್ದರು. ಮತ್ತೆ ಆರು ಬಾರಿ ಗೆದ್ದರು. ಅವರ ಹಿಂದೆ ತಮ್ಮ, ಸೋದರಸಂಬಂಧಿಗಳು, ಅದೇ ಊರಿನ ಮುಂದಿನ ತಲೆಮಾರು ಬಂತು. ಆ ಸಾಲಿನ ಜಹಾಂಗೀರ್ ಖಾನ್ 1981ರಿಂದ 1986ರವರೆಗೆ ಒಂದೂ ಪಂದ್ಯ ಸೋಲಲಿಲ್ಲ. ಸತತ ಗೆಲುವುಗಳ ಆ ಸಂಖ್ಯೆಯನ್ನು 555 ಎಂದು ದಾಖಲಿಸಲಾಗಿದೆ. ಚೆಂಡು ಹೆಕ್ಕುವವನ ಕೆಲಸ ಮೂರು ದಶಕಗಳಲ್ಲಿ ಜಗತ್ತು ತಲೆಯೆತ್ತಿ ನೋಡುವ ವೃತ್ತಿಯಾದದ್ದು ಹೀಗೆ. ಕ್ರೀಡಾ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಏರಿಕೆ ನನಗೆ ಕಾಣುವುದಿಲ್ಲ.

ಈಗಿನ ಆಟಗಾರ ಯಾರ ನೌಕರ?

ಯಾರ ನೌಕರನೂ ಅಲ್ಲ. ಇದನ್ನು ಮೊದಲು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ.

ಕ್ರಿಕೆಟಿಗನಿಗೆ ಮಂಡಳಿಯ ಒಪ್ಪಂದ ಇರುತ್ತದೆ, ಐಪಿಎಲ್ ತಂಡ ಹರಾಜಿನಲ್ಲಿ ಕೊಂಡ ಬೆಲೆ ಇರುತ್ತದೆ. ಸ್ಕ್ವಾಷ್ ಆಟಗಾರ ಸ್ವಂತ ಆಟೊ ಇಟ್ಟುಕೊಂಡ ಚಾಲಕನಂತೆ. ಬಾಡಿಗೆ ಸಿಕ್ಕರೆ ಗಳಿಕೆ. ಪೆಟ್ರೋಲ್, ರಿಪೇರಿ, ವಿಮೆ ಎಲ್ಲ ಅವನದೇ. ಜ್ವರ ಬಂದು ಮನೆಯಲ್ಲಿ ಮಲಗಿದ ದಿನ ಸಂಪಾದನೆ ಸೊನ್ನೆ.

ಈ ಆಟೊಗಳಿಗೆ ಒಂದು ನಿಲ್ದಾಣ ಇದೆ. ಅದೇ ವೃತ್ತಿಪರ ಸ್ಕ್ವಾಷ್ ಸಂಘ, ಅಂದರೆ ಪಿಎಸ್‌ಎ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಅದರ ಕಚೇರಿ. ಪುರುಷರ ಮತ್ತು ಮಹಿಳೆಯರ ಸಂಘಗಳು ಬೇರೆ ಬೇರೆಯಾಗಿದ್ದವು, 2015ರಲ್ಲಿ ಒಂದಾದವು. ಸದಸ್ಯತ್ವ ಪಡೆದು ಪಿಎಸ್‌ಎ ಟೂರ್ನಿಗಳಲ್ಲಿ ಆಡತೊಡಗಿದ ದಿನದಿಂದ ಒಬ್ಬರು ವೃತ್ತಿಪರ ಆಟಗಾರರು. ಪರೀಕ್ಷೆ ಇಲ್ಲ, ನೇಮಕಾತಿ ಪತ್ರ ಇಲ್ಲ. ಹದಿನಾರರ ಹುಡುಗಿಯೂ ವೃತ್ತಿಪರಳಾಗಬಹುದು, ನಲವತ್ತು ಮುಟ್ಟುತ್ತಿರುವವರೂ ಉಳಿದುಕೊಳ್ಳಬಹುದು.

ಎಲ್ಲವನ್ನೂ ನಿರ್ಧರಿಸುವ ಒಂದು ಸಂಖ್ಯೆ

ಆ ಸಂಖ್ಯೆ ವಿಶ್ವ ರ‍್ಯಾಂಕಿಂಗ್. ಯಾವ ಟೂರ್ನಿಗೆ ಪ್ರವೇಶ ಸಿಗುತ್ತದೆ, ಮೊದಲ ಸುತ್ತಿನಲ್ಲಿ ಯಾರ ಎದುರು ಬೀಳುತ್ತೀರಿ, ಪ್ರಾಯೋಜಕರು ಫೋನ್ ಎತ್ತುತ್ತಾರೋ ಇಲ್ಲವೋ, ಎಲ್ಲಕ್ಕೂ ಅದೇ ಆಧಾರ.

ಟೂರ್ನಿಗಳಲ್ಲಿ ಎರಡು ಅಂತಸ್ತುಗಳಿವೆ. ಮೇಲಿನದು ವಿಶ್ವ ಟೂರ್. ಅದರೊಳಗೆ ಬಹುಮಾನದ ಮೊತ್ತಕ್ಕೆ ತಕ್ಕಂತೆ ಡೈಮಂಡ್, ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್, ಕಾಪರ್ ಎಂಬ ಮೆಟ್ಟಿಲುಗಳು. ಕೆಳಗಿನದು ಚಾಲೆಂಜರ್ ಟೂರ್. ಅಲ್ಲಿಯ ಹೆಸರುಗಳಲ್ಲೇ ದುಡ್ಡಿನ ಲೆಕ್ಕ ಇರುತ್ತದೆ: ‘ಚಾಲೆಂಜರ್ 3’ ಎಂದರೆ ಒಟ್ಟು ಬಹುಮಾನ ಮೂರು ಸಾವಿರ ಡಾಲರ್. ಹೊಸಬರು ಇಲ್ಲಿಂದಲೇ ಹತ್ತಬೇಕು. ಇಲ್ಲಿ ಗೆದ್ದರೆ ಕಡಿಮೆ ಪಾಯಿಂಟ್, ಮೇಲಿನ ಅಂತಸ್ತಿನಲ್ಲಿ ಒಂದೆರಡು ಸುತ್ತು ಗೆದ್ದರೂ ಹೆಚ್ಚು ಪಾಯಿಂಟ್.

ಈ ಪಾಯಿಂಟ್‌ಗಳಿಗೆ ವಾಯಿದೆ ಇದೆ. ಮೊಬೈಲ್‌ಗೆ ಒಂದು ವರ್ಷದ ರೀಚಾರ್ಜ್ ಹಾಕಿಸಿದಂತೆ. ಹನ್ನೆರಡು ತಿಂಗಳ ಹಿಂದೆ ಗಳಿಸಿದ ಪಾಯಿಂಟ್ ಇವತ್ತು ಲೆಕ್ಕದಿಂದ ಬಿದ್ದುಹೋಗುತ್ತದೆ. ಕಳೆದ ನವೆಂಬರ್‌ನಲ್ಲಿ ಒಂದು ಟೂರ್ನಿಯ ಫೈನಲ್ ತಲುಪಿದ್ದವರು ಈ ನವೆಂಬರ್‌ನಲ್ಲೂ ಅಷ್ಟೇ ದೂರ ಹೋಗಬೇಕು. ಇಲ್ಲವಾದರೆ ನಿಂತಲ್ಲೇ ನಿಂತಿದ್ದರೂ ರ‍್ಯಾಂಕಿಂಗ್ ಜಾರುತ್ತದೆ. ಮೊಣಕಾಲು ನೋವಿನಿಂದ ಆರು ತಿಂಗಳು ಕೂತವರ ಪಾಡು ಇದರಿಂದಲೇ ಕಷ್ಟವಾಗುವುದು. ಮೊಣಕಾಲು ವಾಸಿಯಾಗುವ ಹೊತ್ತಿಗೆ ಅವರು ಮೇಲಿನ ಅಂತಸ್ತಿನಿಂದ ಕೆಳಗಿಳಿದು ಮತ್ತೆ ಚಾಲೆಂಜರ್ ಮೆಟ್ಟಿಲ ಬುಡದಲ್ಲಿ ನಿಂತಿರುತ್ತಾರೆ.

ಜೋಷ್ನಾ ಅವರನ್ನೇ ನೋಡಿ. 2016ರಲ್ಲಿ ಅವರು ವಿಶ್ವದ ಹತ್ತನೇ ಸ್ಥಾನದಲ್ಲಿದ್ದರು. 2018ರಲ್ಲಿ ಈಜಿಪ್ಟ್‌ನ ಎಲ್ ಗೌನಾದಲ್ಲಿ, ಎಂಟು ಬಾರಿಯ ವಿಶ್ವ ಚಾಂಪಿಯನ್ ಮಲೇಷ್ಯಾದ ನಿಕೋಲ್ ಡೇವಿಡ್ ಅವರನ್ನು ಸೋಲಿಸಿದ್ದರು. ಆಮೇಲೆ ಮೊಣಕಾಲಿನ ಶಸ್ತ್ರಚಿಕಿತ್ಸೆ, ರ‍್ಯಾಂಕಿಂಗ್ ಕುಸಿತ. ಪದ್ಮಶ್ರೀ ಬಂದ ಮೇಲೂ, 2025ರ ಅಕ್ಟೋಬರ್‌ನಲ್ಲಿ ಅವರು ಜಪಾನಿನ ಯೊಕೊಹಾಮಾದಲ್ಲಿ ಚಾಲೆಂಜರ್ ಮಟ್ಟದ ಟೂರ್ನಿ ಆಡಲು ಹೋದರು. ಒಟ್ಟು ಬಹುಮಾನ 15 ಸಾವಿರ ಡಾಲರ್. ಮೊದಲ ಸುತ್ತಿನಿಂದ ಆಡಿ, ಫೈನಲ್‌ನಲ್ಲಿ ಈಜಿಪ್ಟ್‌ನ ಹಯಾ ಅಲಿ ಅವರನ್ನು ನಾಲ್ಕು ಗೇಮ್‌ಗಳಲ್ಲಿ ಸೋಲಿಸಿ ಪ್ರಶಸ್ತಿ ಗೆದ್ದರು. ಹೆಸರು, ಪ್ರಶಸ್ತಿ, ಹಳೆಯ ಗೆಲುವು ಯಾವುದನ್ನೂ ರ‍್ಯಾಂಕಿಂಗ್ ಪಟ್ಟಿ ಕೇಳುವುದಿಲ್ಲ; ಅಲ್ಲಿಗೆ ಹೋಗಿ ಆಡಿದ್ದಕ್ಕೆ ಮಾತ್ರ ಪಾಯಿಂಟ್. ಆ ಯೊಕೊಹಾಮಾ ಪ್ರಯಾಣಕ್ಕೆ ನಾನು ವಿಶ್ವಕಪ್‌ನಷ್ಟೇ ಬೆಲೆ ಕೊಡುತ್ತೇನೆ.

ದುಡ್ಡಿನ ಲೆಕ್ಕ

ಮೇಲ್ತುದಿಯಿಂದ ಶುರು ಮಾಡೋಣ. 2019ರಲ್ಲಿ ಷಿಕಾಗೊದ ಯೂನಿಯನ್ ಸ್ಟೇಷನ್ ರೈಲು ನಿಲ್ದಾಣದಲ್ಲಿ ಗಾಜಿನ ಕೋರ್ಟ್ ಹಾಕಿ ನಡೆಸಿದ ವಿಶ್ವ ಚಾಂಪಿಯನ್‌ಷಿಪ್‌ನ ಒಟ್ಟು ಬಹುಮಾನ ಹತ್ತು ಲಕ್ಷ ಡಾಲರ್. ಪುರುಷರಿಗೆ ಅರ್ಧ, ಮಹಿಳೆಯರಿಗೆ ಅರ್ಧ. ಸ್ಕ್ವಾಷ್ ಇತಿಹಾಸದಲ್ಲಿ ಅಷ್ಟು ದೊಡ್ಡ ಮೊತ್ತ ಅದೇ ಮೊದಲು. ಟೆನಿಸ್‌ನ ಗ್ರ್ಯಾನ್‌ಸ್ಲಾಮ್ ಚಾಂಪಿಯನ್ ಒಬ್ಬರೇ ಅದಕ್ಕಿಂತ ಹೆಚ್ಚು ಒಯ್ಯುತ್ತಾರೆ ಎಂಬುದನ್ನು ನೆನೆದರೆ ಈ ಆಟದ ಆರ್ಥಿಕ ಅಳತೆ ತಿಳಿಯುತ್ತದೆ.

ಕೆಳಗಿನ ಮೆಟ್ಟಿಲಿನಲ್ಲಿ ಮೂರು ಸಾವಿರ ಡಾಲರ್ ಎಂದರೆ ಈಗಿನ ದರದಲ್ಲಿ ಎರಡೂವರೆ ಲಕ್ಷ ರೂಪಾಯಿಗೆ ಸ್ವಲ್ಪ ಮೇಲೆ. ಗೆದ್ದವರೊಬ್ಬರಿಗೆ ಅಷ್ಟೂ ಸಿಗುವುದಿಲ್ಲ. ಟೂರ್ನಿಯಲ್ಲಿ ಆಡಿದವರೆಲ್ಲ ಸುತ್ತಿಗೆ ತಕ್ಕಂತೆ ಹಂಚಿಕೊಳ್ಳಬೇಕು. ಬೆಂಗಳೂರಿನಿಂದ ಯುರೋಪಿಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತವರಿಗೆ ವಿಮಾನದ ಟಿಕೆಟ್ ದುಡ್ಡೂ ಹುಟ್ಟುವುದಿಲ್ಲ. ಆದ್ದರಿಂದ ಎಳೆಯ ಆಟಗಾರರು ಟೂರ್ನಿಗಳನ್ನು ಸರಪಳಿಯಂತೆ ಜೋಡಿಸಿಕೊಳ್ಳುತ್ತಾರೆ: ಒಮ್ಮೆ ಹೊರಟರೆ ಅಕ್ಕಪಕ್ಕದ ಊರುಗಳ ಮೂರು ನಾಲ್ಕು ಟೂರ್ನಿ ಮುಗಿಸಿಯೇ ಮನೆಗೆ. ಸಣ್ಣ ಟೂರ್ನಿಗಳಲ್ಲಿ ಸ್ಥಳೀಯ ಕ್ಲಬ್‌ನ ಸದಸ್ಯರು ತಮ್ಮ ಮನೆಯಲ್ಲೇ ಆಟಗಾರರಿಗೆ ಕೋಣೆ, ಊಟ ಕೊಡುವ ಪದ್ಧತಿ ಹಳೆಯದು. ಪರಊರಿನ ಯಾರದೋ ಅಡುಗೆಮನೆಯಲ್ಲಿ ತಿಂಡಿ ತಿಂದು, ಅವರದೇ ಕಾರಿನಲ್ಲಿ ಕೋರ್ಟ್‌ಗೆ ಹೋಗುವುದು ಈ ವೃತ್ತಿಯ ಮೊದಲ ವರ್ಷಗಳ ದಿನಚರಿ. ಹರಕೆ ಹೊತ್ತು ಊರೂರು ತಿರುಗುವವರಿಗೆ ದಾರಿಯ ಮನೆಗಳು ಅನ್ನ ಹಾಕಿದಂತೆ ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಬದುಕು ಸಾಗುವುದು ಹೇಗೆ? ಬಹುಮಾನದ ದುಡ್ಡೊಂದರಿಂದಲೇ ನೆಮ್ಮದಿಯಾಗಿ ಬದುಕುವವರು ಪಟ್ಟಿಯ ಮೇಲ್ತುದಿಯ ಕೆಲವರು ಮಾತ್ರ. ಉಳಿದವರು ನಾಲ್ಕೈದು ಕಡೆಯಿಂದ ಹರಿದು ಬರುವ ಸಣ್ಣ ತೊರೆಗಳನ್ನು ಒಂದು ಮಾಡಿಕೊಳ್ಳುತ್ತಾರೆ. ಜರ್ಮನಿ, ಇಂಗ್ಲೆಂಡ್, ನೆದರ್‌ಲೆಂಡ್ಸ್‌ಗಳಲ್ಲಿ ಕ್ಲಬ್ ಲೀಗ್‌ಗಳಿವೆ. ಅಲ್ಲಿ ಕ್ಲಬ್ ಪಂದ್ಯಕ್ಕೆ ಇಷ್ಟು ಎಂದು ಕೊಡುತ್ತದೆ. ರ‍್ಯಾಕೆಟ್, ಷೂ ತಯಾರಿಸುವ ಕಂಪನಿಗಳ ಪ್ರಾಯೋಜಕತ್ವ ಇದೆ, ಆದರೆ ಅನೇಕರಿಗೆ ಅದು ಹಣವಾಗಿ ಬಾರದೆ ಸಾಮಾನಾಗಿ ಬರುತ್ತದೆ. ಬಿಡುವಿನಲ್ಲಿ ಕೋಚಿಂಗ್. ಭಾರತದಲ್ಲಿ ಇದರ ಜೊತೆಗೆ ಸರ್ಕಾರದ ಕೈ ಸೇರುತ್ತದೆ: ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್ ಪದಕಕ್ಕೆ ನಗದು ಪುರಸ್ಕಾರ, ಕ್ರೀಡಾ ಕೋಟಾದಲ್ಲಿ ನೌಕರಿ, ಆಯ್ದ ಕೆಲವರಿಗೆ ತರಬೇತಿ ನೆರವು. ವಿಶ್ವ ಟೂರ್‌ನ ಒಂದು ಪ್ರಶಸ್ತಿಗಿಂತ ಏಷ್ಯನ್ ಗೇಮ್ಸ್‌ನ ತಂಡದ ಪದಕ ನಮ್ಮ ಆಟಗಾರರ ಬದುಕಿಗೆ ಎಷ್ಟೋ ಬಾರಿ ಹೆಚ್ಚು ಭದ್ರತೆ ಕೊಡುವುದು ಇದರಿಂದಲೇ.

ಶುರುವಾಗುವುದು ಎಲ್ಲಿಂದ?

ಈ ವೃತ್ತಿಯ ಮೊದಲ ಹತ್ತು ವರ್ಷ ಸಂಬಳವಿಲ್ಲದ ದುಡಿಮೆ. ಎಂಟು–ಒಂಬತ್ತರ ವಯಸ್ಸಿಗೆ ರ‍್ಯಾಕೆಟ್ ಹಿಡಿಯುವುದು, ವಯೋಮಿತಿಯ ಟೂರ್ನಿಗಳು, ಪ್ರತಿ ಜನವರಿಯ ಬ್ರಿಟಿಷ್ ಜೂನಿಯರ್ ಓಪನ್. ಜೋಷ್ನಾ ಅವರದು ಕೊಡವ ಮನೆತನ. ಹುಟ್ಟಿ ಬೆಳೆದದ್ದು ಚೆನ್ನೈ. ಕೊಡಗು ಎಂದರೆ ಹಾಕಿ ಎನ್ನುವ ನಾಡಿನ ಮನೆಯಲ್ಲಿ ಅಪ್ಪ ಅಂಜನ್ ಚಿನ್ನಪ್ಪ ಸ್ಕ್ವಾಷ್ ಆಡುತ್ತಿದ್ದರು. ಮಗಳು ಅದನ್ನೇ ಹಿಡಿದಳು. 14ನೇ ವಯಸ್ಸಿಗೆ ರಾಷ್ಟ್ರೀಯ ಚಾಂಪಿಯನ್. 2005ರಲ್ಲಿ 19 ವರ್ಷದೊಳಗಿನವರ ಬ್ರಿಟಿಷ್ ಜೂನಿಯರ್ ಪ್ರಶಸ್ತಿ, ಅದೇ ವರ್ಷ ವಿಶ್ವ ಜೂನಿಯರ್ ಫೈನಲ್. ಅವರದೇ ವಯಸ್ಸಿನ, ಕೋಲ್ಕತ್ತದಿಂದ ಚೆನ್ನೈನ ಅಕಾಡೆಮಿಗೆ ಬಂದು ನೆಲೆಸಿದ ಸೌರವ್ ಘೋಷಾಲ್ ಅದರ ಹಿಂದಿನ ವರ್ಷವೇ ಹುಡುಗರ ವಿಭಾಗದಲ್ಲಿ ಆ ಪ್ರಶಸ್ತಿ ಗೆದ್ದಿದ್ದರು.

ಇಷ್ಟು ಗೆದ್ದವರು ಮುಂದಿನ ವರ್ಷವೇ ವಿಶ್ವದ ಮೊದಲ ಇಪ್ಪತ್ತರಲ್ಲಿ ಇರುತ್ತಾರೆ ಎಂದುಕೊಂಡರೆ ತಪ್ಪು. ಜೂನಿಯರ್ ಮುಗಿಸಿದ 19ರ ಹರೆಯದವರಿಗೆ ಎದುರಾಗುವುದು ಮೂವತ್ತರ ಆಸುಪಾಸಿನ, ಹತ್ತು ವರ್ಷ ಪಳಗಿದ ದೇಹಗಳು. ಜೋಷ್ನಾ ಜೂನಿಯರ್ ಪ್ರಶಸ್ತಿಯಿಂದ ವಿಶ್ವದ ಮೊದಲ ಹತ್ತಕ್ಕೆ ಬರಲು 11 ವರ್ಷ ಹಿಡಿಯಿತು. ಸೌರವ್‌ಗೆ 15 ವರ್ಷ. 2019ರಲ್ಲಿ ಅವರು ಮೊದಲ ಹತ್ತರೊಳಗೆ ಬಂದ ಭಾರತದ ಮೊದಲ ಪುರುಷ ಆಟಗಾರರಾದರು. ಆ ನಡುವೆ ಅವರು ಇಂಗ್ಲೆಂಡಿನ ಪಾಂಟೆಫ್ರಾಕ್ಟ್ ಎಂಬ ಸಣ್ಣ ಪಟ್ಟಣದಲ್ಲಿ, ಮಾಲ್ಕಂ ವಿಲ್‌ಸ್ಟ್ರಾಪ್ ಎಂಬ ಗುರುವಿನ ಬಳಿ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಗೆದ್ದ ಸುದ್ದಿಗಳು ಬಾರದ ಈ ನಡುವಿನ ವರ್ಷಗಳಲ್ಲೇ ಹೆಚ್ಚಿನವರು ರ‍್ಯಾಕೆಟ್ ಕೆಳಗಿಡುತ್ತಾರೆ.

ಇನ್ನೊಂದು ದಾರಿ ಅಮೆರಿಕದ ವಿಶ್ವವಿದ್ಯಾಲಯಗಳದು. ಅಲ್ಲಿನ ಹಾರ್ವರ್ಡ್, ಕೊಲಂಬಿಯಾಗಳಂಥ ಕಡೆ ಸ್ಕ್ವಾಷ್ ತಂಡಗಳಿಗೆ ಬಹಳ ಬೆಲೆ. ಚೆನ್ನಾಗಿ ಆಡುವವರಿಗೆ ಪ್ರವೇಶದಲ್ಲಿ ಅನುಕೂಲ. ಈಜಿಪ್ಟ್‌ನ ಅಲಿ ಫರಾಗ್ ಹಾರ್ವರ್ಡ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಆಮೇಲೆ ಪೂರ್ಣಾವಧಿ ಆಟಕ್ಕಿಳಿದು ವಿಶ್ವದ ಒಂದನೇ ಸ್ಥಾನಕ್ಕೇರಿದರು. ನಮ್ಮ ರಮಿತ್ ಟಂಡನ್ ಕೊಲಂಬಿಯಾದಲ್ಲಿ ಓದಿ, ನ್ಯೂಯಾರ್ಕ್‌ನಲ್ಲಿ ಹಣಕಾಸು ಸಂಸ್ಥೆಯ ಕೆಲಸದಲ್ಲಿದ್ದು, ಅದನ್ನು ಬಿಟ್ಟು ವೃತ್ತಿಪರ ಆಟಗಾರರಾದರು. ವಿಶ್ವಕಪ್ ತಂಡದ ವೇಳವನ್ ಸೆಂದಿಲ್‌ಕುಮಾರ್ ಕೂಡ ಕೊಲಂಬಿಯಾದವರೇ. ಓದು ಕೈಯಲ್ಲಿದ್ದರೆ ಸೋಲಿನ ಭಯ ಕಡಿಮೆ ಎಂಬುದು ಈ ದಾರಿಯ ಬಲ. ಇಪ್ಪತ್ತರ ಆಸುಪಾಸಿನ ನಾಲ್ಕು ವರ್ಷ ಟೂರ್‌ನಿಂದ ಬಹುಪಾಲು ದೂರ ಉಳಿಯಬೇಕೆಂಬುದು ಬೆಲೆ.

ಈಜಿಪ್ಟ್ ಇಷ್ಟು ಮುಂದೆ ಇರುವುದೇಕೆ ಎಂದು ಅನೇಕರು ಕೇಳುತ್ತಾರೆ. ಕಾರಣ ಬಹಳ ಸರಳವಾದದ್ದು: ಕೈರೊ, ಅಲೆಕ್ಸಾಂಡ್ರಿಯಾ ಎಂಬ ಎರಡೇ ನಗರಗಳ ಕೆಲವು ಕ್ಲಬ್‌ಗಳಲ್ಲಿ ವಿಶ್ವ ಚಾಂಪಿಯನ್ನರೂ ಹತ್ತು ವರ್ಷದ ಮಕ್ಕಳೂ ಅಕ್ಕಪಕ್ಕದ ಕೋರ್ಟ್‌ಗಳಲ್ಲಿ ಆಡುತ್ತಾರೆ. ಸಂಗೀತಗಾರರ ಮನೆಯ ಮಗುವಿಗೆ ತೊಟ್ಟಿಲಲ್ಲೇ ಶ್ರುತಿ ಹಿಡಿಯುವಂತೆ ಆ ಮಕ್ಕಳಿಗೆ ದೊಡ್ಡ ಆಟ ಕಣ್ಣಿನಿಂದಲೇ ಬರುತ್ತದೆ.

ದೇಹ ತೆರುವ ಬೆಲೆ

ಸ್ಕ್ವಾಷ್ ಅಭ್ಯಾಸವನ್ನು ಒಮ್ಮೆ ಕೋರ್ಟ್‌ನ ಹಿಂದಿನ ಗಾಜಿಗೆ ಮುಖ ಒತ್ತಿ ನೋಡಬೇಕು. ಚೆಂಡೇ ಇಲ್ಲದೆ ಆಡುವ ಒಂದು ಅಭ್ಯಾಸ ಇದೆ, ‘ಗೋಸ್ಟಿಂಗ್’ ಎಂದು ಅದರ ಹೆಸರು. ಆಟಗಾರ್ತಿ ‘ಟಿ’ ಮೇಲೆ ನಿಲ್ಲುತ್ತಾಳೆ. ಕೋಚ್ ಬೆರಳು ತೋರಿದ ಮೂಲೆಗೆ ಮೂರು ಹೆಜ್ಜೆಯಲ್ಲಿ ಚಿಮ್ಮುತ್ತಾಳೆ, ಕೊನೆಯ ಹೆಜ್ಜೆಯಲ್ಲಿ ಮೊಣಕಾಲು ನೆಲಕ್ಕೆ ತಾಗುವಷ್ಟು ಬಾಗಿ, ಇಲ್ಲದ ಚೆಂಡನ್ನು ಹೊಡೆದು, ಹಿಮ್ಮುಖವಾಗಿ ‘ಟಿ’ಗೆ ಮರಳುತ್ತಾಳೆ. ಮತ್ತೆ ಇನ್ನೊಂದು ಮೂಲೆ. ಮರದ ನೆಲದ ಮೇಲೆ ಷೂಗಳ ಕಿರುಗುಟ್ಟುವಿಕೆ, ಉಸಿರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಹತ್ತು ನಿಮಿಷದಲ್ಲಿ ಅವಳು ನಿಂತ ಜಾಗದಲ್ಲಿ ಬೆವರಿನ ಹನಿಗಳು ಬಿದ್ದು ಯಾರಾದರೂ ಬಟ್ಟೆ ತಂದು ಒರೆಸಬೇಕಾಗುತ್ತದೆ.

ಆ ಕೊನೆಯ ಬಾಗುವ ಹೆಜ್ಜೆಯೇ ವರ್ಷಗಳಲ್ಲಿ ಮೊಣಕಾಲು, ಸೊಂಟ, ತೊಡೆಯ ಹಿಂಭಾಗದ ಸ್ನಾಯುಗಳನ್ನು ಸವೆಸುತ್ತದೆ. ಮೂರು ಬಾರಿ ವಿಶ್ವ ಚಾಂಪಿಯನ್ ಆದ ಈಜಿಪ್ಟ್‌ನ ರಾಮಿ ಅಶೂರ್ ಗಾಯಗಳ ಕಾರಣಕ್ಕೆ 2019ರಲ್ಲಿ, ಮೂವತ್ತೊಂದರಲ್ಲೇ ನಿವೃತ್ತರಾದರು. 1983ರಲ್ಲಿ ಇಂಗ್ಲೆಂಡಿನ ಚಿಚೆಸ್ಟರ್‌ನಲ್ಲಿ ಜಹಾಂಗೀರ್ ಮತ್ತು ಈಜಿಪ್ಟ್‌ನ ಗಮಾಲ್ ಅವಾದ್ ನಡುವಿನ ಪಂದ್ಯ 2 ಗಂಟೆ 46 ನಿಮಿಷ ನಡೆಯಿತು; ಮೊದಲ ಗೇಮ್ ಒಂದೇ 71 ನಿಮಿಷ. ಆ ಕಾಲದ ಅಂಕಪದ್ಧತಿಯಲ್ಲಿ ಸರ್ವ್ ಮಾಡಿದವರಿಗೆ ಮಾತ್ರ ಅಂಕ ಸಿಗುತ್ತಿದ್ದುದರಿಂದ ಪಂದ್ಯಗಳು ಹಾಗೆ ಎಳೆಯುತ್ತಿದ್ದವು. ಈಗ ಪ್ರತಿ ರ‍್ಯಾಲಿಗೂ, ಅಂದರೆ ಸರ್ವ್‌ನಿಂದ ಶುರುವಾಗುವ ಪ್ರತಿ ಹೊಡೆತಗಳ ಸರಣಿಗೂ, ಅಂಕ ಇದೆ, ಪಂದ್ಯ ಚಿಕ್ಕದಾಗಿದೆ, ವೇಗ ಹೆಚ್ಚಿದೆ.

ಮನಸ್ಸಿನ ಭಾರವೂ ಕಡಿಮೆಯಲ್ಲ. ಗೇಮ್ ನಡೆಯುವಾಗ ಕೋರ್ಟ್‌ನೊಳಗೆ ಸಹಾಯಕ್ಕೆ ಯಾರೂ ಇಲ್ಲ. 2023ರ ಸೆಪ್ಟೆಂಬರ್ 30ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್ ತಂಡ ಫೈನಲ್‌ನಲ್ಲಿ ಭಾರತ–ಪಾಕಿಸ್ತಾನ 1–1 ಆಗಿದ್ದಾಗ ಅಭಯ್ ಸಿಂಗ್ ಐದನೇ ಗೇಮ್‌ನಲ್ಲಿ 8–10 ಹಿಂದಿದ್ದರು. ಎದುರಿಗಿದ್ದ ನೂರ್ ಜಮಾನ್‌ಗೆ ಚಿನ್ನಕ್ಕೆ ಬೇಕಿದ್ದುದು ಒಂದೇ ಅಂಕ. ಅಭಯ್ ಸಾಲಾಗಿ ನಾಲ್ಕು ಅಂಕ ಗಳಿಸಿ 12–10ರಿಂದ ಗೇಮ್, ಪಂದ್ಯ, ಚಿನ್ನ ಮೂರನ್ನೂ ತಂದರು. ಆ ನಾಲ್ಕು ಅಂಕಗಳ ಹೊತ್ತು ಅವರೊಳಗೆ ಏನಾಗುತ್ತಿತ್ತೋ, ಊಹಿಸಿಕೊಂಡರೆ ಈಗಲೂ ಮೈ ನವಿರೇಳುತ್ತದೆ.

ಮಹಿಳೆಯರ ಹೋರಾಟ

ಇಂದು ದೊಡ್ಡ ಟೂರ್ನಿಗಳಲ್ಲಿ ಪುರುಷರಿಗೂ ಮಹಿಳೆಯರಿಗೂ ಸಮಾನ ಬಹುಮಾನ. ಇದು ತಾನಾಗಿ ಬಂದದ್ದಲ್ಲ. 2013ರಲ್ಲಿ ಅಮೆರಿಕ ಓಪನ್ ದಾರಿ ತೋರಿತು, ಬ್ರಿಟಿಷ್ ಓಪನ್ ಹಿಂಬಾಲಿಸಿದ್ದು 2017ರಲ್ಲಿ. ಭಾರತದಲ್ಲಿ ಈ ಪ್ರಶ್ನೆಯನ್ನು ಎತ್ತಿ ಹಿಡಿದವರು ದೀಪಿಕಾ ಪಳ್ಳಿಕಲ್, ವಿಶ್ವದ ಮೊದಲ ಹತ್ತರೊಳಗೆ ಬಂದ ಮೊದಲ ಭಾರತೀಯರು. ಬಹುಮಾನ ಸಮಾನವಲ್ಲ ಎಂಬ ಕಾರಣಕ್ಕೆ ಅವರು ವರ್ಷಗಳ ಕಾಲ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಿಂದಲೇ ದೂರ ಉಳಿದರು. ಮೊತ್ತ ಸಮಾನವಾದ ಮೇಲೆ, 2016ರಲ್ಲಿ ಮರಳಿದರು. ದುಡಿಮೆಗೆ ಬೆಲೆ ಕೇಳಿದ್ದು ನ್ಯಾಯವಾಗಿತ್ತು, ತಮ್ಮ ಪ್ರಶಸ್ತಿಗಳನ್ನೇ ಪಣಕ್ಕಿಟ್ಟು ಕೇಳಿದ್ದು ದೊಡ್ಡದಾಗಿತ್ತು. 2021ರಲ್ಲಿ ಅವಳಿ ಮಕ್ಕಳ ತಾಯಿಯಾದ ದೀಪಿಕಾ 2022ರ ಏಪ್ರಿಲ್‌ನಲ್ಲಿ ಗ್ಲಾಸ್ಗೊದ ವಿಶ್ವ ಡಬಲ್ಸ್‌ನಲ್ಲಿ ಜೋಷ್ನಾ ಜೊತೆ ಒಂದು, ಸೌರವ್ ಜೊತೆ ಒಂದು, ಒಟ್ಟು ಎರಡು ಚಿನ್ನ ಗೆದ್ದರು.

ಒಲಿಂಪಿಕ್ಸ್ ಬಂದರೆ ಏನು ಬದಲಾಗುತ್ತದೆ?

ಸ್ಕ್ವಾಷ್ ಏಷ್ಯನ್ ಗೇಮ್ಸ್ ಮತ್ತು ಕಾಮನ್‌ವೆಲ್ತ್ ಗೇಮ್ಸ್ ಎರಡಕ್ಕೂ 1998ರಲ್ಲೇ ಸೇರಿತು. ಒಲಿಂಪಿಕ್ಸ್ ಬಾಗಿಲು ಮಾತ್ರ ತೆರೆಯಲಿಲ್ಲ. 2016ರ ಕೂಟಕ್ಕೆ ಗಾಲ್ಫ್, ರಗ್ಬಿ ಆಯ್ಕೆಯಾದವು. 2020ಕ್ಕೆ ಕುಸ್ತಿ ಮರಳಿ ಬಂತು. ಕೊನೆಗೆ 2023ರ ಅಕ್ಟೋಬರ್ 16ರಂದು ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ಕ್ರಿಕೆಟ್ ಜೊತೆಗೆ ಸ್ಕ್ವಾಷ್‌ಗೂ ಒಪ್ಪಿಗೆ ಕೊಟ್ಟಿತು.

ಸರ್ಕಾರಗಳ ಕ್ರೀಡಾ ಹಣ ಬಹುಪಾಲು ಒಲಿಂಪಿಕ್ ಆಟಗಳ ಕಡೆಗೇ ಹರಿಯುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ವಿದೇಶಿ ತರಬೇತಿ, ಫಿಸಿಯೊ, ಪ್ರಯಾಣದ ವೆಚ್ಚಕ್ಕೆ ಅರ್ಜಿ ಹಾಕುವಾಗ ಉತ್ತರ ಬೇಗ ಬರುತ್ತದೆ. ಕಂಪನಿಗಳಿಗೂ ಮುಖ ಗುರುತಾಗುತ್ತದೆ. ಮೇಲೆ ಹೇಳಿದ ಆಟೊ ಚಾಲಕನ ಪೆಟ್ರೋಲ್ ಖರ್ಚನ್ನು ಮೊದಲ ಬಾರಿಗೆ ಬೇರೆಯವರು ಹಂಚಿಕೊಳ್ಳಲು ಮುಂದೆ ಬರುತ್ತಾರೆ. ಆದರೆ ಅಲ್ಲಿ ಆಡುವವರು ಕೆಲವೇ ಮಂದಿ: ಪುರುಷರಲ್ಲಿ 16, ಮಹಿಳೆಯರಲ್ಲಿ 16, ಸಿಂಗಲ್ಸ್ ಮಾತ್ರ. ಇಡೀ ಜಗತ್ತಿಗೆ ಅಷ್ಟೇ.

ಮುಗಿಯುವುದು ಯಾವಾಗ?

ಸೌರವ್ ಘೋಷಾಲ್ 2024ರ ಏಪ್ರಿಲ್‌ನಲ್ಲಿ, 37ರ ವಯಸ್ಸಿನಲ್ಲಿ, ವೃತ್ತಿಪರ ಟೂರ್‌ಗೆ ವಿದಾಯ ಹೇಳಿದರು. ಅವರ ಲೆಕ್ಕದಲ್ಲಿ ಹತ್ತು ಪಿಎಸ್‌ಎ ಪ್ರಶಸ್ತಿಗಳು, 13 ರಾಷ್ಟ್ರೀಯ ಪ್ರಶಸ್ತಿಗಳು, 2022ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಭಾರತಕ್ಕೆ ಸಿಂಗಲ್ಸ್‌ನ ಮೊದಲ ಪದಕ. ಒಲಿಂಪಿಕ್ಸ್‌ಗೆ ಒಪ್ಪಿಗೆ ಸಿಕ್ಕಿ ಆರು ತಿಂಗಳಾಗಿತ್ತು. ಅವರಿಗೆ ಅದು ತಡವಾಗಿ ಬಂತು.

ನಿವೃತ್ತರಾದ ಬಹುಪಾಲು ಆಟಗಾರರು ಕೋಚ್‌ಗಳಾಗುತ್ತಾರೆ. ಅಮೆರಿಕದ ಕ್ಲಬ್‌ಗಳು, ಶಾಲೆಗಳು, ಕಾಲೇಜುಗಳಲ್ಲಿ ಅನುಭವಿಗಳಿಗೆ ಬೇಡಿಕೆ ಇದೆ. ಟೂರ್‌ನಲ್ಲಿ ಕಾಣದಿದ್ದ ತಿಂಗಳ ಸಂಬಳವನ್ನು ಅನೇಕರು ಮೊದಲ ಬಾರಿ ಕಾಣುವುದು ಅಲ್ಲೇ. ಹಾಶಿಮ್ ಖಾನ್ ಕೂಡ ಕೊನೆಗೆ ಅಮೆರಿಕಕ್ಕೆ ಹೋಗಿ ನೆಲೆಸಿ ಕಲಿಸಿದರು.

ಲಾಸ್ ಏಂಜಲೀಸ್ ಕೂಟ 2028ರ ಜುಲೈಯಲ್ಲಿ. ಆಗ ಅನಾಹತ್‌ಗೆ 20 ತುಂಬಿರುತ್ತದೆ, ಜೋಷ್ನಾಗೆ 41. ಅಲ್ಲಿಯವರೆಗೆ ಇಬ್ಬರೂ ಇನ್ನೆಷ್ಟೋ ಊರುಗಳ ಕೋರ್ಟ್‌ಗಳಲ್ಲಿ, ತಣ್ಣಗಿನ ಚೆಂಡನ್ನು ಗೋಡೆಗೆ ಬಡಿದು ಬಿಸಿ ಮಾಡುತ್ತಾ ಮೊದಲ ಸುತ್ತಿನಿಂದ ಆಡಬೇಕು.